ಸುದ್ದಿ ನೋಡಿ ಸೂಟ್‌ಕೇಸ್ ಬಿಚ್ಚಬೇಕೇ?

ಸೂಟ್‌ಕೇಸ್ ತುಂಬಿಯಾಗಿದೆ. ಅಂಟಿನುಂಡೆ ಡಬ್ಬಿ ಸೇರಿದೆ. ಹಳೇ ಕಾಟನ್ ಸೀರೆ ಹರಿದು ಕೂಸಿಗೆ ಬಟ್ಟೆ ಮಡಿಸಿಟ್ಟಿದ್ದೀರಿ. ಅಷ್ಟರಲ್ಲಿ ಟಿವಿಯಲ್ಲಿ ಕೆಂಪು ಅಕ್ಷರಗಳು ಓಡತೊಡಗುತ್ತವೆ. ನೋಡಿದರೆ ನೀವು ಹೊರಟ ಊರಿನದೇ ಹೆಸರು! ಹತ್ತೇ ನಿಮಿಷ, ಫೋನ್‌ಗಳು ಶುರು. ‘ಇಂಥ ಹೊತ್ತಲ್ಲಿ ಹೋಗ್ತೀಯಾ? ತಲೆ ಕೆಟ್ಟಿದ್ಯಾ?’ ಅಂತ ಅಕ್ಕ. ‘ಟಿಕೆಟ್ ಕ್ಯಾನ್ಸಲ್ ಮಾಡಿಸ್ಬಿಡಿ ಅತ್ತಿಗೆ’ ಅಂತ ನಾದಿನಿ. ಮನೆಯವರು ರಿಮೋಟ್ ಹಿಡಿದು ಚಾನೆಲ್ ಬದಲಿಸುತ್ತಲೇ ಇರುತ್ತಾರೆ. ನಿಮ್ಮ ಕಿವಿಯಲ್ಲಿ ಮಾತ್ರ ಒಂದೇ ದನಿ... ‘ಅಮ್ಮಾ, ನೀನು ಬರ್ತೀಯಾ ತಾನೆ?’

ನಮ್ಮ ಪರಿಚಯದ ರಾಜಾಜಿನಗರದ ಗೃಹಿಣಿಯೊಬ್ಬರು 2025ರ ಜೂನ್‌ನಲ್ಲಿ ಇದೇ ಸಂಕಟದಲ್ಲಿದ್ದರು. ಮಗಳು ದೋಹಾದಲ್ಲಿ ತುಂಬು ಗರ್ಭಿಣಿ. ಜುಲೈ ಮಧ್ಯದಲ್ಲಿ ಹೆರಿಗೆ, ಅಮ್ಮನ ಟಿಕೆಟ್ ಜೂನ್ 25ಕ್ಕೆ. ಜೂನ್ 13ರಂದು ಇಸ್ರೇಲ್ ಇರಾನ್ ಮೇಲೆ ದಾಳಿ ಶುರು ಮಾಡಿತು. ಜೂನ್ 23ರ ಸಂಜೆ ದೋಹಾಕ್ಕೆ ಹತ್ತಿರದ ಅಲ್ ಉದೈದ್‌ನಲ್ಲಿರುವ ಅಮೆರಿಕದ ವಾಯುನೆಲೆಗೆ ಇರಾನ್ ಕ್ಷಿಪಣಿ ಹಾರಿಸಿತು. ಕತಾರ್ ತನ್ನ ವಾಯುಪ್ರದೇಶವನ್ನೇ ಕೆಲ ಗಂಟೆ ಮುಚ್ಚಿತು. ಅರ್ಧ ದಾರಿಯಲ್ಲಿದ್ದ ವಿಮಾನಗಳು ಬೇರೆ ಊರುಗಳಲ್ಲಿ ಇಳಿದವು. ಮರುದಿನ ಕದನವಿರಾಮ ಅಂದರು. ಅದನ್ನು ನಂಬೋದಾ, ಬಿಡೋದಾ?

‘ಹೋಗಿ ಏನಾದ್ರೂ ಆದ್ರೆ ಅಂತ ಎಲ್ಲರೂ ಕೇಳ್ತಾರೆ. ಹೋಗದೆ ಇದ್ದು ಅವಳಿಗೇನಾದ್ರೂ ಆದ್ರೆ ಅಂತ ಯಾರೂ ಕೇಳಲ್ಲ’ ಎಂದು ಕಣ್ಣೀರು ಹಾಕಿದರು.

ಈ ಸಂಕಟ ಅವರೊಬ್ಬರದ್ದಲ್ಲ. ಮಕ್ಕಳು ಊರೂರು, ದೇಶ ದೇಶ ಸೇರಿರುವ ಕಾಲ ಇದು. ಇಂದಲ್ಲ ನಾಳೆ ನಿಮ್ಮ ಮನೆಗೂ ಬರಬಹುದು. ಬಂದಾಗ ಭಯದಲ್ಲೇ ಹೂಂ ಅನ್ನಬೇಡಿ, ಭಯದಲ್ಲೇ ಊಹೂಂ ಅನ್ನಲೂ ಬೇಡಿ. ಟಿವಿ ಸ್ವಲ್ಪ ಆರಿಸಿ, ಒಂದು ಹಾಳೆ ತಗೊಂಡು ಕೂತು ನಾಲ್ಕು ಪ್ರಶ್ನೆ ಬರೆದುಕೊಳ್ಳಿ.

ಮೊದಲನೆಯದು, ಹೇಳುತ್ತಿರುವವರು ಯಾರು? ಟಿವಿಯವರು ಇಡೀ ದೇಶಕ್ಕೆ ಒಂದೇ ಬಣ್ಣ ಬಳಿಯುತ್ತಾರೆ. ನಿಮಗೆ ಬೇಕಾದದ್ದು ನೀವು ಹೋಗುವ ಬಡಾವಣೆಯ ಸುದ್ದಿ. ಅಂಗಡಿ ತೆರೆದಿದೆಯಾ, ಆಸ್ಪತ್ರೆಗೆ ಹೋಗಿಬರಲು ತೊಂದರೆ ಇಲ್ಲ ತಾನೇ ಎಂದು ಅಳಿಯಂದಿರನ್ನೇ ಕೇಳಿ. ನಮ್ಮ ವಿದೇಶಾಂಗ ಸಚಿವಾಲಯ ಮತ್ತು ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಸೂಚನೆಯನ್ನು ಮಗನ ಕೈಲೋ ಪಕ್ಕದ ಮನೆ ಹುಡುಗಿ ಕೈಲೋ ತೆಗೆಸಿ ಓದಿ. ಅದರಲ್ಲಿನ ಒಂದೊಂದು ಪದವೂ ಮುಖ್ಯ. ‘ಎಚ್ಚರದಿಂದಿರಿ’ ಬೇರೆ, ‘ಅನಿವಾರ್ಯವಲ್ಲದಿದ್ದರೆ ಹೋಗಬೇಡಿ’ ಬೇರೆ, ‘ಹೋಗಲೇಬೇಡಿ’ ಬೇರೆ. ಮೂರನೆಯದಾದರೆ ಮತ್ತೆ ಮಾತೇ ಇಲ್ಲ, ಸೂಟ್‌ಕೇಸ್ ಬಿಚ್ಚಿ.

ಎರಡನೆಯದು, ಈ ಪ್ರಯಾಣ ಅನಿವಾರ್ಯವೇ? 2019ರ ಏಪ್ರಿಲ್ 21ರಂದು, ಈಸ್ಟರ್ ಭಾನುವಾರ, ಶ್ರೀಲಂಕಾದ ಚರ್ಚುಗಳಲ್ಲಿ, ಹೋಟೆಲುಗಳಲ್ಲಿ ಬಾಂಬ್ ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಮ್ಮ ಕರ್ನಾಟಕದಿಂದ ಹೋದವರೂ ಇದ್ದರು. ಆಗ ಅನಿವಾರ್ಯವಲ್ಲದ ಪ್ರಯಾಣ ಬೇಡ ಎಂದು ನಮ್ಮ ಸರ್ಕಾರ ಹೇಳಿತ್ತು. ಟೂರ್ ಹೊರಟಿದ್ದವರಿಗೆ ಅದು ಸರಿಯಾದ ಮಾತು. ಸಮುದ್ರ ತೀರ ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷ ನೋಡಬಹುದು. ಆದರೆ ಹೆರಿಗೆ ಕಾಯುತ್ತದಾ? ‘ಅವಳೇ ಇಲ್ಲಿಗೆ ಬರಲಿ’ ಅನ್ನೋದು ಸುಲಭ. 36 ವಾರ ದಾಟಿದ ಗರ್ಭಿಣಿಯರನ್ನು ಹೆಚ್ಚಿನ ವಿಮಾನ ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ. ಹಾಗಿದ್ದರೂ ಕೇಳಿಕೊಳ್ಳಿ, ಅಲ್ಲಿ ಬೀಗಿತ್ತಿ ಇದ್ದಾರಾ? ಮೊದಲ ಹತ್ತು ದಿನ ನೋಡಿಕೊಳ್ಳುವ ಸ್ನೇಹಿತೆ ಇದ್ದಾಳಾ? ಇದ್ದರೆ ನಿಮಗೆ ಸ್ವಲ್ಪ ಕಾಯುವ ಅವಕಾಶ ಸಿಕ್ಕಿತು.

ಮೂರನೆಯದು, ಹೋದರೆ ವಾಪಸ್ ಬರುವುದು ಹೇಗೆ? ನೇರ ವಿಮಾನವೋ, ನಡುವೆ ಇಳಿದು ಹತ್ತಬೇಕೋ? ಲಂಡನ್‌ಗೋ ಅಮೆರಿಕಕ್ಕೋ ಹೋಗುವವರೂ ಕೊಲ್ಲಿ ದಾರಿ ಹಿಡಿದಿದ್ದರೆ ಅಲ್ಲೇ ಸಿಕ್ಕಿಕೊಳ್ಳಬಹುದು. ಇನ್ನು ದುಡ್ಡಿನ ವಿಚಾರ. ವಿಮಾನ ಕಂಪನಿಯೇ ರದ್ದು ಮಾಡಿದರೆ ಹಣವನ್ನೋ ಬೇರೆ ದಿನದ ಟಿಕೆಟನ್ನೋ ಕೇಳಬಹುದು. ಹೆದರಿ ನೀವೇ ರದ್ದು ಮಾಡಿದರೆ ಕೈಗೆ ಬರೋದು ನಿಮ್ಮ ಟಿಕೆಟ್ಟಿನ ಷರತ್ತಿನಷ್ಟೇ. ಆದ್ದರಿಂದ ಮೊದಲು ‘ದಿನ ಬದಲಾಯಿಸಲು ಎಷ್ಟಾಗುತ್ತೆ?’ ಅಂತ ಕೇಳಿ. ವಿಮೆ ಇದೆಯಲ್ಲ ಅನ್ನಬೇಡಿ. ಪ್ರಯಾಣ ವಿಮೆಗಳಲ್ಲಿ ಸಾಮಾನ್ಯವಾಗಿ ಯುದ್ಧದಿಂದಾದ ನಷ್ಟಕ್ಕೆ ಪರಿಹಾರ ಇರುವುದಿಲ್ಲ.

ನಾಲ್ಕನೆಯದು, ನಿಮ್ಮ ತಯಾರಿ ಹೇಗಿದೆ? ಬಿಪಿ, ಶುಗರ್ ಮಾತ್ರೆ ಲೆಕ್ಕಕ್ಕಿಂತ ಒಂದು ತಿಂಗಳದ್ದು ಹೆಚ್ಚೇ ಇರಲಿ, ಜೊತೆಗೆ ಡಾಕ್ಟರ ಚೀಟಿಯೂ. ರಾಯಭಾರ ಕಚೇರಿಯ ಫೋನ್ ನಂಬರನ್ನು ಮೊಬೈಲ್‌ನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದು ಪರ್ಸಿನಲ್ಲಿಡಿ. ಹೋದ ಮೇಲೆ ಅಲ್ಲಿ ಹೆಸರು ನೋಂದಾಯಿಸಿ. 2025ರ ಆ ಜೂನ್‌ನಲ್ಲೇ ‘ಆಪರೇಷನ್ ಸಿಂಧು’ ಹೆಸರಲ್ಲಿ ಇರಾನ್, ಇಸ್ರೇಲ್‌ಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತರಲಾಯಿತು. ನೀವೆಲ್ಲಿದ್ದೀರಿ ಎಂದು ಕಚೇರಿಗೆ ಗೊತ್ತಿದ್ದರೆ ತಾನೇ ಸಹಾಯ ಬೇಗ ಸಿಗೋದು?

ಕ್ಷಿಪಣಿಯ ಚಿಂತೆಯಲ್ಲಿ ಬ್ಯಾಗಿನ ಚಿಂತೆ ಮರೆಯಬೇಡಿ. ಬಾಣಂತಿ ಅಡುಗೆಗೆ ಅಂತ ಗಸಗಸೆ ಕಟ್ಟಿಕೊಂಡಿದ್ದೀರಾ? ತೆಗೆದಿಡಿ. ಯುಎಇ, ಸೌದಿಯಲ್ಲಿ ಅದು ನಿಷಿದ್ಧ, ಜೈಲಿಗೂ ದಾರಿಯಾಗಬಹುದು. ಬೇರೆಯವರು ಕೊಟ್ಟ ಪೊಟ್ಟಣವಂತೂ ಬೇಡವೇ ಬೇಡ. 2019ರಲ್ಲಿ ಸಂಬಂಧಿಕರು ಕೊಟ್ಟ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿ, ಮುಂಬೈನ ದಂಪತಿ ದೋಹಾದಲ್ಲಿ ಜೈಲು ಸೇರಿದರು. ಆಕೆ ಗರ್ಭಿಣಿ, ಮಗು ಹುಟ್ಟಿದ್ದೂ ಜೈಲುವಾಸದಲ್ಲೇ. ನಿರ್ದೋಷಿಗಳೆಂದು ಬಿಡುಗಡೆಯಾಗಿದ್ದು 2021ರಲ್ಲಿ.

ನಾಲ್ಕಕ್ಕೂ ಉತ್ತರ ಬರೆದ ಮೇಲೆ ನಿರ್ಧಾರಕ್ಕೊಂದು ದಿನ ಗೊತ್ತುಮಾಡಿ. ರಾಜಾಜಿನಗರದ ಆ ತಾಯಿ ಮಾಡಿದ್ದು ಇದನ್ನೇ. ಟಿಕೆಟ್ ರದ್ದು ಮಾಡದೆ ಒಂದು ವಾರ ಮುಂದಕ್ಕೆ ಹಾಕಿಸಿದರು. ಕದನವಿರಾಮ ನಿಂತರೆ ಹೋಗೋದು, ಮುರಿದರೆ ಮಗಳ ಗೆಳತಿ ಮೊದಲ ದಿನಗಳನ್ನು ನೋಡಿಕೊಳ್ಳೋದು ಅಂತ ತಾಯಿ ಮಗಳು ಮಾತಾಡಿಕೊಂಡರು. ಕದನವಿರಾಮ ನಿಂತಿತು, ಅವರು ಹೋದರು, ಮೊಮ್ಮಗನಿಗೆ ಎರೆದು ಬಂದರು. ನೋಡಿದ್ರಾ, ಹೋಗಿದ್ದೇ ಸರಿಯಾಯ್ತು ಅಂತ ನಾವು ಹೇಳುತ್ತಿಲ್ಲ. ಕದನವಿರಾಮ ಮುರಿದು ಅವರು ಇಲ್ಲೇ ಉಳಿದಿದ್ದರೂ ಆ ನಿರ್ಧಾರ ಅಷ್ಟೇ ಸರಿ ಇರುತ್ತಿತ್ತು. ವಿಚಾರಿಸಿ ತಗೊಂಡ ತೀರ್ಮಾನಕ್ಕೆ ಆಮೇಲೆ ಪಶ್ಚಾತ್ತಾಪ ಕಡಿಮೆ.

ಇನ್ನೊಂದು ಮಾತು. ಇಂಥ ಹೊತ್ತಲ್ಲಿ ಮನೆಯಲ್ಲಿ ಎಲ್ಲರೂ ತೀರ್ಮಾನ ಹೇಳುತ್ತಾರೆ, ಹೊರಟವಳನ್ನು ಒಬ್ಬರೂ ಕೇಳುವುದಿಲ್ಲ. ಮನೆಯವರ ಆತಂಕ ನಿಜವೇ, ಕೇಳಿಸಿಕೊಳ್ಳಿ. ಆದರೆ ವಿಮಾನ ಹತ್ತುವವರು ನೀವು, ಕಾಯುತ್ತಿರುವವಳು ನಿಮ್ಮ ಮಗಳು. ಕೊನೆಯ ಮಾತು ನಿಮ್ಮಿಬ್ಬರದೇ ಆಗಿರಲಿ. ಬರಲ್ಲ ಅನ್ನಬೇಕಾಗಿ ಬಂದರೂ ಅದನ್ನು ಬೇರೆಯವರ ಬಾಯಲ್ಲಿ ಹೇಳಿಸಬೇಡಿ. ನೀವೇ ಫೋನ್ ಮಾಡಿ, ಕಾರಣ ಹೇಳಿ. ಅವಳು ಅತ್ತರೆ ಅಳಲಿ, ನೀವೂ ಅತ್ತುಬಿಡಿ. ಆಮೇಲೆ ಇಬ್ಬರೂ ಸೇರಿ ಬಾಣಂತನಕ್ಕೆ ಬೇರೆ ಏರ್ಪಾಡು ಏನು ಅಂತ ಯೋಚಿಸಿ.