ಸ್ಟೇಟಸ್ ಹಾಕುವ ಮೊದಲು ಒಮ್ಮೆ ಎದುರು ಕೂತು ಮಾತಾಡಿ

ಜಗಳವಿಲ್ಲದ ಹಾಸ್ಟೆಲ್ ರೂಮು ಎಲ್ಲಿದೆ ಹೇಳಿ? ಬಕೆಟ್, ಚಾರ್ಜರ್, ಮೆಸ್ ಬಿಲ್ಲು, ಕೆಲಸ ಮಾಡದೆ ಪ್ರಾಜೆಕ್ಟಿನಲ್ಲಿ ಹೆಸರು ಮಾತ್ರ ಸೇರಿಸುವ ಗೆಳೆಯ... ಕಾರಣ ಸಣ್ಣದು. ಆದರೆ ಒಮ್ಮೆ ಮಾತು ಬಿಟ್ಟರೆ ಬಿಇ ಮುಗಿದರೂ ಮತ್ತೆ ಕೂಡುವುದಿಲ್ಲ. ನಾವು ಜಗಳ ಮಾಡುವ ಕ್ರಮವೇ ವಿಚಿತ್ರ. ಮೊದಲು ವಾಟ್ಸ್‌ಆ್ಯಪ್ ಸ್ಟೇಟಸ್, ನಂತರ ಕ್ಲಾಸ್ ಗ್ರೂಪ್, ಆಮೇಲೆ ಎರಡು ಪಾರ್ಟಿ. ಸಿಟ್ಟು ಯಾರ ಮೇಲೋ ಅವರೊಂದಿಗೆ ಮಾತು ಎಲ್ಲಕ್ಕಿಂತ ಕೊನೆಗೆ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳುವ ಕ್ರಮ ಇದಕ್ಕೆ ಪೂರ್ತಿ ಉಲ್ಟಾ. ತಪ್ಪು ಮಾಡಿದವನ ಬಳಿ ಮೊದಲು ಒಬ್ಬನೇ ಹೋಗಿ ಮಾತಾಡಬೇಕು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಮಾತ್ರ ಸಭೆಯ ಮುಂದೆ ಇಡಬೇಕು. ಇದರಲ್ಲಿ ಮನುಷ್ಯ ಸ್ವಭಾವದ ತಿಳಿವಳಿಕೆ ಇದೆ. ಇಬ್ಬರೇ ಇದ್ದಾಗ ತಪ್ಪು ಒಪ್ಪಿಕೊಳ್ಳುವುದು ಸುಲಭ; ನಾಲ್ವರ ಮುಂದೆ ಅದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಜತೆಗೆ ಬಂದವರು ನನ್ನ ತಪ್ಪನ್ನೂ ತೋರಿಸಬಲ್ಲರು. ನಮ್ಮ ಇಜೇರಿ ಕಡೆ ಹೊಲದ ಬದುವಿನ ಜಗಳವನ್ನು ಹಿರಿಯರು ಇಬ್ಬರನ್ನೂ ಕೂಡಿಸಿ ಬಗೆಹರಿಸುವುದು ಇದೇ ರೀತಿ.

ಅದೇ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಕಾಣಿಕೆ ಅರ್ಪಿಸುವಾಗ, ಯಾರಿಗೋ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗು ಎಂಬುದು ಅದರ ಸಾರ. ಎರಡನ್ನೂ ಸೇರಿಸಿ ಓದಿದರೆ, ನೊಂದವನು ನಾನಾದರೂ ನೋಯಿಸಿದವನು ನಾನಾದರೂ ಮೊದಲು ಹೋಗಬೇಕಾದವನು ನಾನೇ. ‘ಅವನೇ ಬರಲಿ’ ಎನ್ನಲು ಜಾಗವೇ ಇಲ್ಲ.

ಹೇಳುವುದು ಸುಲಭ, ಚರ್ಚುಗಳೇ ಒಂದಾಗಿಲ್ಲವಲ್ಲ ಎನ್ನಬಹುದು. ನಿಜ. ಆದರೆ 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಐಕ್ಯದ ಮಾತುಕತೆ 28 ವರ್ಷ ನಡೆಯಿತು. ಬಿಷಪ್ ಬೇಕೆನ್ನುವವರೂ ಬಿಷಪ್ ಪದ್ಧತಿಯೇ ಇಲ್ಲದವರೂ ಎದುರುಬದುರು ಕೂತರು. ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ರಾಜಿಗೆ ತಾಳ್ಮೆ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಒಂದು ಎಚ್ಚರಿಕೆ ಮಾತ್ರ ಇರಲಿ. ಕ್ಷಮೆ ಎಂದರೆ ಅನ್ಯಾಯ ಸಹಿಸಿ ಸುಮ್ಮನಿರುವುದಲ್ಲ. ರ‍್ಯಾಗಿಂಗ್, ಜಾತಿ ನಿಂದನೆ, ಹುಡುಗಿಯರಿಗೆ ಕಿರುಕುಳ ಇವು ರೂಮಿನ ಜಗಳಗಳಲ್ಲ. ನೊಂದವರನ್ನು ‘ನೀವಿಬ್ಬರೇ ಮಾತಾಡಿಕೊಳ್ಳಿ’ ಎಂದು ಕಳಿಸುವುದು ಕ್ರೌರ್ಯ. ಪ್ರತಿ ಕಾಲೇಜಿನಲ್ಲೂ ರ‍್ಯಾಗಿಂಗ್ ತಡೆ ಸಮಿತಿ ಇರಬೇಕು ಎಂದು ಯುಜಿಸಿಯ 2009ರ ನಿಯಮವೇ ಹೇಳುತ್ತದೆ. ಇಂಥ ದೂರು ನೇರವಾಗಿ ಅಲ್ಲಿಗೇ ಹೋಗಲಿ. ದೂರು ಕೊಟ್ಟೂ ಮನಸ್ಸಿನಲ್ಲಿ ದ್ವೇಷ ಇಟ್ಟುಕೊಳ್ಳದಿರಲು ಸಾಧ್ಯ.

ಉಳಿದ ಜಗಳಗಳು ಬಹುಪಾಲು ಒಂದು ಕಪ್ ಚಹಾದಲ್ಲಿ ಮುಗಿಯುವಂಥವು. ನಾಳೆ ಕೆಲಸಕ್ಕೆ ಸೇರಿದ ಮೇಲೂ ಬಾಸು, ಸಹೋದ್ಯೋಗಿ ಎಂದು ಜಗಳ ಇದ್ದೇ ಇರುತ್ತವೆ. ಅಲ್ಲಿ ಬೇಕಾಗುವ ಈ ಪಾಠ ಯಾವ ಸೆಮಿಸ್ಟರ್‌ನಲ್ಲೂ ಇಲ್ಲ. ಸ್ಟೇಟಸ್ ಟೈಪ್ ಮಾಡುತ್ತಿರುವ ಗೆಳೆಯರೇ, ಫೋನ್ ಕೆಳಗಿಟ್ಟು ಪಕ್ಕದ ರೂಮಿನ ಬಾಗಿಲು ತಟ್ಟಿ.