‘ಗುಂಡು ಹಾರಿತು’ ಅನ್ನಬೇಡಿ

‘ಪಿಸ್ತೂಲು ಸ್ವಚ್ಛಗೊಳಿಸುತ್ತಿದ್ದಾಗ ಆಕಸ್ಮಿಕವಾಗಿ ಗುಂಡು ಹಾರಿ...’ ಈ ವಾಕ್ಯವನ್ನು ನೀವೂ ಓದಿರ್ತೀರಿ. ಊರು ಬದಲಾಗತ್ತೆ, ಹೆಸರು ಬದಲಾಗತ್ತೆ, ಈ ವಾಕ್ಯ ಮಾತ್ರ ಬದಲಾಗಲ್ಲ. ಅಚ್ಚಿನ ಮೊಳೆ ಜೋಡಿಸಿ ಇಟ್ಟ ಹಾಗೆ ಯಾವಾಗಲೂ ರೆಡಿ ಇರತ್ತೆ. ನನಗೆ ಈ ವಾಕ್ಯದ ಮೇಲೆ ವಿಪರೀತ ಸಿಟ್ಟಿದೆ.

ಕನ್ನಡ ವ್ಯಾಕರಣ ಎಷ್ಟು ಪ್ರಾಮಾಣಿಕ ನೋಡಿ. ‘ಹಾರು’ ಬೇರೆ, ‘ಹಾರಿಸು’ ಬೇರೆ ಅಂತ ಎರಡು ಕ್ರಿಯಾಪದ ಕೊಟ್ಟಿದೆ. ಗುಬ್ಬಿ ಹಾರತ್ತೆ. ಗುಂಡನ್ನ ಯಾರೋ ಹಾರಿಸಬೇಕು. ಆದರೆ ಸತ್ತವರು, ಗಾಯ ಆದವರು ಕಣ್ಣೆದುರಿಗಿರುವಾಗ ನಮಗೆ ‘ಹಾರಿಸಿದ’ ಅನ್ನೋದಕ್ಕೆ ಸಂಕೋಚ. ಅದಕ್ಕೆ ಕರ್ತೃವನ್ನ ಮೆಲ್ಲಗೆ ಆಚೆ ಕಳಿಸಿ ಗುಂಡಿಗೇ ರೆಕ್ಕೆ ಕಟ್ಟಿಬಿಡ್ತೀವಿ. ತಯಾರಿಕೆಯ ದೋಷದಿಂದ ಆಗುವ ಅನಾಹುತಗಳ ಕಥೆ ಬೇರೆ, ಅದು ಕೋರ್ಟಿನಲ್ಲಿ ಇತ್ಯರ್ಥ ಆಗಬೇಕಾದ್ದು. ನಾನು ಹೇಳ್ತಿರೋದು ಟೇಬಲ್ಲಿನ ಮೇಲೆ ಹಳೇ ಬನಿಯನ್ ಬಟ್ಟೆ, ಎಣ್ಣೆ ಬಾಟಲಿ ಇಟ್ಕೊಂಡು ಕೂತಾಗ ‘ತಾನಾಗೇ’ ಹಾರೋ ಗುಂಡಿನ ಬಗ್ಗೆ. ಅದು ತಾನಾಗೇ ಹಾರಲ್ಲ. ಒಬ್ಬರು ಚೇಂಬರ್ ನೋಡಿರಲಿಲ್ಲ, ಮತ್ತು ಅವರೇ ಟ್ರಿಗರ್ ಒತ್ತಿದರು. ಅಷ್ಟೇ.

ಬೆಂಗಳೂರಲ್ಲಿ ಕೂತು ಓದ್ತಿರೋರಿಗೆ ಇದು ದೂರದ ವಿಷಯ ಅನ್ನಿಸಬಹುದು. ಭಾರತದಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್. ಲೈಸೆನ್ಸ್ ಇರೋರೂ ಚುನಾವಣೆ ಬಂದ್ರೆ ಬಂದೂಕನ್ನ ಠಾಣೆಗೆ ಒಪ್ಪಿಸಿ ರಸೀದಿ ತಗೋತಾರೆ. ನಾನಿರೋ ಟೆಕ್ಸಸ್‌ನಲ್ಲಿ ಕಥೆ ಬೇರೆ. 2021ರ ಸೆಪ್ಟೆಂಬರ್‌ನಿಂದ ಇಲ್ಲಿ 21 ದಾಟಿದ, ಕಾನೂನಿನ ಅಡ್ಡಿ ಇಲ್ಲದವರು ಪರ್ಮಿಟ್ ಇಲ್ಲದೇನೇ ಪಿಸ್ತೂಲು ಒಯ್ಯಬಹುದು. ವೀಸಾ ಮೇಲೆ ಇರೋರನ್ನ ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯತ್ತೆ, ಅದರಲ್ಲೂ ಬೇಟೆ ಲೈಸೆನ್ಸಿನಂಥ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರಿಗೆ ಆ ತಡೆಯೂ ಇಲ್ಲ. ಹಾಗಾಗಿ ನನ್ನ ಸುತ್ತಲಿನ ಕನ್ನಡದ ಮನೆಗಳಲ್ಲಿ ಗ್ರೈಂಡರ್, ಇನ್‌ಸ್ಟಂಟ್ ಪಾಟ್ ಜೊತೆಗೆ ಈಗ ಗ್ಲಾಕ್ ಕೂಡ ಸೇರಿಕೊಂಡಿದೆ. ನನ್ನ ಹತ್ತಿರವೂ ಒಂದಿದೆ. ಹಾಗಾಗಿ ಇದು ಬಂದೂಕೇ ಬೇಡ ಅನ್ನೋರ ಉಪದೇಶ ಅಲ್ಲ. ಇಟ್ಕೊಂಡವನೊಬ್ಬ ಇಟ್ಕೊಂಡವರ ಜೊತೆ ಮಾಡ್ತಿರೋ ಜಗಳ.

ಜಗಳ ಶುರುವಾಗೋದು ಈ ಮಾತಿನಿಂದ: ‘ಗುರು, ಇದು ಪ್ಲಾಸ್ಟಿಕ್ ಗನ್ನು. ಮಣ್ಣಲ್ಲಿ ಹೂತಿಟ್ರೂ ಹೊಡಿಯತ್ತೆ. ಇದಕ್ಕೆ ಏನೂ ಮಾಡ್ಬೇಕಾಗಿಲ್ಲ.’

ಈ ಮಾತಿನ ಹಿಂದೆ ನಿಜವಾದ ಸಾಧನೆ ಒಂದಿದೆ, ಅದನ್ನ ಒಪ್ಪಿಕೊಳ್ಳೋಣ. ಗ್ಯಾಸ್ಟನ್ ಗ್ಲಾಕ್ ಬಂದೂಕಿನ ವಂಶದವರಲ್ಲ. ಪರದೆಯ ರಾಡು, ಚಾಕು ಮಾಡ್ತಿದ್ದ ಆಸ್ಟ್ರಿಯಾದ ಎಂಜಿನಿಯರ್. ಆತ ಮಾಡಿದ ಪಿಸ್ತೂಲನ್ನ ಆಸ್ಟ್ರಿಯಾದ ಸೇನೆ 1982ರಲ್ಲಿ ಒಪ್ಪಿಕೊಂಡಿತು. ಪಾಲಿಮರ್ ಫ್ರೇಮಿನ ಪಿಸ್ತೂಲು ಅದಕ್ಕೂ ಮೊದಲೇ ಇತ್ತು, ಜರ್ಮನಿಯ ಹೆಕ್ಲರ್ ಅಂಡ್ ಕಾಕ್ 1970ರಲ್ಲೇ ವಿಪಿ70 ಮಾಡಿತ್ತು. ಆದರೆ ಜಗತ್ತಿನ ಮನಸ್ಸು ಬದಲಾಯಿಸಿದ್ದು ಗ್ಲಾಕ್ 17. ಫ್ರೇಮು ನೈಲಾನ್ ಆಧಾರಿತ ಪಾಲಿಮರ್, ತುಕ್ಕು ಹಿಡಿಯಲ್ಲ, ಹಗುರ, ಬಿಡಿಭಾಗ ಕಡಿಮೆ. ನಮ್ಮ ಎನ್‌ಎಸ್‌ಜಿ ಕಮಾಂಡೋಗಳ ಸೊಂಟದಲ್ಲೂ ಇರೋದು ಇದೇ ಕಂಪನಿಯದ್ದು.

ಆದರೆ ಸ್ವಾಮಿ, ಪ್ಲಾಸ್ಟಿಕ್ ಇರೋದು ಹಿಡಿಯ ಭಾಗ ಮಾತ್ರ. ಗುಂಡು ಸಿಡಿಯೋದು ಉಕ್ಕಿನ ನಳಿಗೆಯಲ್ಲಿ. ಹಿಂದೆ ಮುಂದೆ ಓಡಾಡೋ ಸ್ಲೈಡ್ ಉಕ್ಕು, ಆ ಸ್ಲೈಡ್ ಜಾರೋ ಪಟ್ಟಿಗಳು ಉಕ್ಕು, ಸ್ಪ್ರಿಂಗುಗಳೂ ಉಕ್ಕು. ಹ್ಯೂಸ್ಟನ್ನಿನ ಬೆವರಲ್ಲಿ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದರೆ ಅಂಗಿಯ ನೂಲು, ಧೂಳು, ಉಪ್ಪು ಎಲ್ಲಾ ಒಳಗೆ ಹೋಗತ್ತೆ. ‘ಮಣ್ಣಲ್ಲಿ ಹೂತಿಟ್ರೂ’ ಅನ್ನೋದು ಪರೀಕ್ಷೆಯ ಫಲಿತಾಂಶ, ಆರೈಕೆಯ ಸೂಚನೆ ಅಲ್ಲ. ನಿಮ್ಮ ಕಾರು ಕೂಡ ಎಂಜಿನ್ ಆಯಿಲ್ ಬದಲಾಯಿಸದೆ ಒಂದಷ್ಟು ದೂರ ಓಡತ್ತೆ. ಹಾಗಂತ ಯಾರೂ ಅದನ್ನ ಹೆಮ್ಮೆಯಿಂದ ಹೇಳ್ಕೊಳ್ಳಲ್ಲ.

ಕೆಡೋದು ಪಿಸ್ತೂಲು ಮಾತ್ರ ಆಗಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ಅವರವರ ದುಡ್ಡು, ಅವರವರ ಕಬ್ಬಿಣ. ನನ್ನ ತಕರಾರು ಬೇರೆ: ಇದನ್ನ ಬಿಚ್ಚೋ ವಿಧಾನವನ್ನೇ ಕಲಿಯದವರು ವರ್ಷಕ್ಕೊಂದು ದಿನ ಹುಮ್ಮಸ್ಸಿನಿಂದ ಬಿಚ್ಚೋಕೆ ಕೂರ್ತಾರೆ. ಆ ದಿನವೇ ಪತ್ರಿಕೆಯ ವಾಕ್ಯ ಹುಟ್ಟೋದು.

ಯಾಕೆ ಅಂತ ಬಿಡಿಸಿ ಹೇಳ್ತೀನಿ. ಗ್ಲಾಕ್‌ನ ಸ್ಲೈಡ್ ಕಳಚಬೇಕಾದರೆ ಮೊದಲು ಟ್ರಿಗರ್ ಒತ್ತಲೇಬೇಕು. ಅದು ವಿನ್ಯಾಸ. ಒತ್ತಿ, ಸ್ಲೈಡನ್ನ ಒಂದು 3 ಮಿಲಿಮೀಟರ್ ಹಿಂದಕ್ಕೆಳೆದು, ಎರಡೂ ಬದಿಯ ಪುಟ್ಟ ಲಾಕನ್ನ ಕೆಳಗೆ ಎಳೆದರೆ ಸ್ಲೈಡ್ ಮುಂದಕ್ಕೆ ಬರತ್ತೆ. ಅಂದರೆ ಒರೆಸೋಕೆ ಕೂತ ಪ್ರತಿ ಸಲವೂ ನೀವು ಟ್ರಿಗರ್ ಒತ್ತುತ್ತೀರಿ. ಆ ಕ್ಷಣದಲ್ಲಿ ಚೇಂಬರಿನಲ್ಲಿ ತೋಟಾ ಇದ್ದರೆ ಪಿಸ್ತೂಲು ತನ್ನ ಕೆಲಸವನ್ನ ಚೊಕ್ಕವಾಗಿ ಮಾಡತ್ತೆ.

ತೋಟಾ ಹೇಗೆ ಉಳ್ಕೊಳ್ಳತ್ತೆ? ಎರಡು ದಾರಿ. ಮೊದಲನೆಯದು, ‘ಮ್ಯಾಗಜೀನ್ ತೆಗೆದ್ನಲ್ಲ, ಖಾಲಿ ಆಯ್ತು’ ಅನ್ನೋ ನಂಬಿಕೆ. ಮ್ಯಾಗಜೀನ್ ತೆಗೆದರೆ ಖಾಲಿ ಆಗೋದು ಮ್ಯಾಗಜೀನಿನ ಗೂಡು. ಚೇಂಬರಿನಲ್ಲಿ ಕೂತಿರೋ ಒಂದು ತೋಟಾ ಅಲ್ಲೇ ಇರತ್ತೆ, ಮತ್ತು ಗ್ಲಾಕ್ ಮ್ಯಾಗಜೀನ್ ಇಲ್ಲದೆಯೂ ಹೊಡಿಯತ್ತೆ. ಎರಡನೆಯದು ಇನ್ನೂ ಮೋಸದ್ದು: ಕ್ರಮ ತಪ್ಪೋದು. ಮೊದಲು ಸ್ಲೈಡ್ ಎಳೆದ್ರಿ, ಒಂದು ತೋಟಾ ಹಾರಿ ನೆಲಕ್ಕೆ ಬಿತ್ತು, ಸಮಾಧಾನ ಆಯ್ತು. ಆದರೆ ಮ್ಯಾಗಜೀನ್ ಇನ್ನೂ ಒಳಗೇ ಇತ್ತು, ಮುಂದಕ್ಕೆ ಹೋದ ಸ್ಲೈಡ್ ಇನ್ನೊಂದು ತೋಟಾನ ಚೇಂಬರಿಗೆ ತಳ್ಳಿಬಿಡ್ತು. ಆಮೇಲೆ ನೀವು ಮ್ಯಾಗಜೀನ್ ತೆಗೆದು ಪಕ್ಕಕ್ಕಿಟ್ರಿ. ಈಗ ನೆಲದ ಮೇಲೊಂದು ತೋಟಾ, ಟೇಬಲ್ ಮೇಲೆ ಮ್ಯಾಗಜೀನ್, ಕೈಯಲ್ಲಿ ‘ಖಾಲಿ’ ಪಿಸ್ತೂಲು. ಎಲ್ಲಾ ಕೆಲಸ ಮಾಡಿದ್ದೀರಿ, ಕ್ರಮ ಒಂದು ಬಿಟ್ಟು.

ಸರಿಯಾದ ಕ್ರಮ ಕಲಿಯೋಕೆ ಬಿ.ಇ. ಬೇಕಾಗಿಲ್ಲ. ಮೊದಲು ಮ್ಯಾಗಜೀನ್ ತೆಗೀರಿ. ಆಮೇಲೆ ಸ್ಲೈಡ್ ಎಳೀರಿ, ಎಳೆದು ಹಿಂದೆಯೇ ಲಾಕ್ ಮಾಡಿ. ಚೇಂಬರನ್ನ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಮತ್ತೊಮ್ಮೆ ನೋಡಿ. ಇಷ್ಟೂ ಹೊತ್ತು ಬೆರಳು ಟ್ರಿಗರ್ ಹತ್ತಿರ ಸುಳಿಯಬಾರದು. ತೋಟಾಗಳೆಲ್ಲ ಆ ಕೋಣೆಯಿಂದಲೇ ಆಚೆ ಹೋಗಲಿ. ಕೊನೆಗೆ ನಳಿಗೆಯನ್ನ ಗುಂಡು ತಡೆಯೋ ಗಟ್ಟಿಯಾದ ದಿಕ್ಕಿಗೆ ತಿರುಗಿಸಿ ಟ್ರಿಗರ್ ಒತ್ತಿ. ನೆನಪಿರಲಿ, ಅಪಾರ್ಟ್‌ಮೆಂಟಿನ ಜಿಪ್ಸಮ್ ಗೋಡೆ ಗಟ್ಟಿ ದಿಕ್ಕಲ್ಲ, ಅದರಾಚೆ ಪಕ್ಕದ ಮನೆಯವರ ಮಗುವಿನ ತೊಟ್ಟಿಲಿದೆ. ಜೆಫ್ ಕೂಪರ್ ಅನ್ನೋ ಮಾಜಿ ಮರೀನ್ ಅಧಿಕಾರಿ ಜನಪ್ರಿಯಗೊಳಿಸಿದ ನಾಲ್ಕು ನಿಯಮಗಳಲ್ಲಿ ಮೊದಲನೆಯದೇ ಎಲ್ಲಾ ಬಂದೂಕೂ ಯಾವಾಗಲೂ ತುಂಬಿದೆ ಅಂತಲೇ ತಿಳ್ಕೊಂಡು ನಡ್ಕೊಳ್ಳಿ ಅನ್ನೋದು. ಒರೆಸೋ ಹೊತ್ತಿಗೆ ಅದಕ್ಕೆ ರಜೆ ಇಲ್ಲ.

‘ಹಾಗಾದ್ರೆ ವಿನ್ಯಾಸದ್ದೇ ತಪ್ಪಲ್ವಾ?’ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಸ್ಮಿತ್ ಅಂಡ್ ವೆಸ್ಸನ್‌ನ ಎಂ ಅಂಡ್ ಪಿ ಪಿಸ್ತೂಲಿನಲ್ಲಿ ಟ್ರಿಗರ್ ಒತ್ತದೆ ಬಿಚ್ಚೋಕೆ ಒಳಗೊಂದು ಪುಟ್ಟ ಲಿವರ್ ಇಟ್ಟಿದ್ದಾರೆ. ಗ್ಲಾಕ್ ಕೂಡ ಅಂಥದ್ದು ಮಾಡಬಹುದಿತ್ತು ಅನ್ನೋದನ್ನ ನಾನೂ ಒಪ್ತೀನಿ. ಆದರೆ ಆ ಲಿವರ್ ಉಳಿಸೋದು ಒಂದು ಹೆಜ್ಜೆಯನ್ನ. ಚೇಂಬರ್ ನೋಡದ ಮನುಷ್ಯನನ್ನ ಅದು ಬದಲಾಯಿಸಲ್ಲ. ಆತ ಬಿಚ್ಚುವಾಗ ಬಚಾವಾಗಿ, ಮತ್ತೆ ಜೋಡಿಸಿದ ಮೇಲೆ ‘ಸರಿಯಾಯ್ತಾ ನೋಡೋಣ’ ಅಂತ ಒತ್ತುವಾಗ ಸಿಕ್ಕಿಬೀಳ್ತಾನೆ.

ಇನ್ನು ಒರೆಸೋ ಕೆಲಸ. ಬಿಚ್ಚಿದರೆ ಸಿಗೋದು ನಾಲ್ಕೇ ಭಾಗ: ಫ್ರೇಮ್, ಸ್ಲೈಡ್, ಬ್ಯಾರೆಲ್, ರೀಕಾಯ್ಲ್ ಸ್ಪ್ರಿಂಗ್. ನಳಿಗೆಗೆ ಚೇಂಬರಿನ ಕಡೆಯಿಂದ ಬ್ರಷ್ ಹಾಕಿ, ಬಟ್ಟೆ ಓಡಿಸಿ, ಮಸಿ ಒರೆಸಿ. ಸ್ಲೈಡ್ ಉಜ್ಜುವಾಗ ಅದರ ಮೂತಿ ಕೆಳಗಿರಲಿ, ಇಲ್ಲಾಂದ್ರೆ ದ್ರಾವಣ ಫೈರಿಂಗ್ ಪಿನ್ನಿನ ಕೊಳವೆಗೆ ಇಳಿಯತ್ತೆ. ಎಣ್ಣೆ? ಕೆಲವೇ ಹನಿ. ಸ್ಲೈಡ್ ಜಾರೋ ಪಟ್ಟಿಗಳಿಗೆ, ನಳಿಗೆ ಉಜ್ಜೋ ಜಾಗಕ್ಕೆ, ಟ್ರಿಗರ್ ಬಾರು ಕನೆಕ್ಟರಿಗೆ ತಾಗೋ ಮೂಲೆಗೆ. ಅಷ್ಟೇ, ಸಾಕು. ಇಲ್ಲಿ ನಮ್ಮವರ ಇನ್ನೊಂದು ಪಂಗಡ ಇದೆ, ಭಕ್ತಿಯ ಪಂಗಡ. ‘ಏನೂ ಬೇಡ’ ಅನ್ನೋರಿಗೆ ವಿರುದ್ಧವಾಗಿ ಇವರು ದೇವರಿಗೆ ಎಣ್ಣೆಮಜ್ಜನ ಮಾಡಿಸೋ ಹಾಗೆ ಸುರೀತಾರೆ. ಫೈರಿಂಗ್ ಪಿನ್ನಿನ ಜಾಗ ಒಣಗಿರಬೇಕು. ಅಲ್ಲಿ ಎಣ್ಣೆ ಸೇರಿದರೆ ಧೂಳು ಕೂಡಿ ಜಿಡ್ಡಾಗಿ, ಬೇಕಾದ ಹೊತ್ತಿಗೆ ಪಿನ್ನು ಸರಿಯಾಗಿ ಬಡಿಯದೇ ಹೋಗಬಹುದು. ‘ಏನೂ ಬೇಡ’ದವರೂ ಅತಿಭಕ್ತರೂ ಒಂದೇ ಜಾತಿ. ಇಬ್ಬರೂ ಕೈಪಿಡಿ ತೆರೆದಿಲ್ಲ. ಅದು ಪೆಟ್ಟಿಗೆಯಲ್ಲೇ ಪ್ಲಾಸ್ಟಿಕ್ ಕವರಿನೊಳಗೆ ಇರತ್ತೆ.

ಮತ್ತೆ ಜಾಗ. ಊಟದ ಟೇಬಲ್ ಮೇಲೆ ಒರೆಸೋರನ್ನ ಕಂಡರೆ ನನಗೆ ಮೈ ಉರಿಯತ್ತೆ. ಆ ಕರಿ ಮಸಿ ಬರೀ ಮಸಿ ಅಲ್ಲ. ಸಾಮಾನ್ಯ ತೋಟಾದ ಪ್ರೈಮರಿನಲ್ಲಿ ಸೀಸದ ಸಂಯುಕ್ತ ಇರತ್ತೆ, ಗುಂಡಿನಲ್ಲಿ ಸೀಸ ಇರತ್ತೆ. ಮಕ್ಕಳ ರಕ್ತದಲ್ಲಿ ಸೀಸ ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಇಲ್ಲ ಅಂತ ವೈದ್ಯರು ಹೇಳ್ತಾರೆ. ಆರ್ಗ್ಯಾನಿಕ್ ರಾಗಿ ಹುಡುಕಿ ತಂದು ಅದೇ ಟೇಬಲ್ ಮೇಲೆ ಮಗುವಿಗೆ ಅಂಬಲಿ ಕುಡಿಸೋ ಅಪ್ಪ, ಅಲ್ಲೇ ಬ್ಯಾರೆಲ್ ಉಜ್ಜೋದು ಎಂಥಾ ಶಿಸ್ತು? ಗ್ಯಾರೇಜಿಗೆ ಹೋಗಿ. ಕೈಗವಸು ಹಾಕಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೀರಿ, ಆಮೇಲೆ ಮಗು ಎತ್ಕೊಳ್ಳಿ. ಮುಗಿಸಿ ಬೀಗ ಹಾಕಿ. ಟೆಕ್ಸಸ್ ಎಷ್ಟೇ ಬಂದೂಕುಪ್ರಿಯ ರಾಜ್ಯ ಆದರೂ, ನಿರ್ಲಕ್ಷ್ಯದಿಂದ ತುಂಬಿದ ಬಂದೂಕು 17 ವರ್ಷದೊಳಗಿನವರ ಕೈಗೆ ಸಿಗೋ ಹಾಗೆ ಬಿಟ್ಟರೆ ಇಲ್ಲೂ ಅದು ಅಪರಾಧ.

ಆಯುಧಪೂಜೆ ದಿನ ಫೋಟೋ ಹಾಕ್ತೀರಲ್ಲ, ಅದರ ಬಗ್ಗೆಯೂ ಒಂದು ಮಾತು. ಲ್ಯಾಪ್‌ಟಾಪಿಗೆ, ಟೆಸ್ಲಾಗೆ ಕುಂಕುಮ ಇಟ್ಟ ಸಾಲಿನಲ್ಲೇ ಪಿಸ್ತೂಲಿಗೂ ಹೂವು. ಪೂಜೆಗೆ ನನ್ನ ವಿರೋಧ ಇಲ್ಲ. ಆದರೆ ಕೊಡಗಿನ ಕೈಲ್‌ಪೊಳ್ದ್ ನೋಡಿ. ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರೋ ಹಬ್ಬ. ಬಂದೂಕನ್ನ ಶುಚಿ ಮಾಡಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಶುಚಿ ಮೊದಲು, ಹೂವು ಆಮೇಲೆ. ನಾವು ಹೂವಿನಿಂದ ಶುರು ಮಾಡಿ ಫೋಟೋದಲ್ಲಿ ಮುಗಿಸ್ತೀವಿ. ಆ ಫೋಟೋದಲ್ಲಿ ನಳಿಗೆ ಯಾರ ಕಡೆ ತಿರುಗಿದೆ ಅಂತ ಕೂಡ ನೋಡಲ್ಲ.

‘ಇಷ್ಟೆಲ್ಲಾ ತಲೆನೋವು ಯಾಕೆ, ಬಂದೂಕೇ ಇಟ್ಕೊಳ್ಳದಿದ್ರೆ ಆಯ್ತಲ್ಲ?’ ಅಂತ ನನ್ನ ಹೆಂಡತಿಯೂ ಕೇಳ್ತಾಳೆ, ಬೆಂಗಳೂರಿನ ಅತ್ತೆಯೂ ಫೋನಿನಲ್ಲಿ ಕೇಳ್ತಾರೆ. ಅವರ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯ ಇದೆ. ತಿಂಗಳಿಗೆ ಇಪ್ಪತ್ತು ನಿಮಿಷ ಕೊಡೋಕಾಗದವರು ದಯವಿಟ್ಟು ಮಾರಿಬಿಡಿ. ಇದು ವ್ಯಂಗ್ಯ ಅಲ್ಲ, ನೇರ ಸಲಹೆ. ಜಿಮ್ ಮೆಂಬರ್‌ಶಿಪ್ ಕಟ್ಟಿ ಹೋಗದಿದ್ರೆ ದುಡ್ಡು ಹೋಗತ್ತೆ, ಅಷ್ಟೇ. ಇದರಲ್ಲಿ ಹೋಗೋದು ದುಡ್ಡಲ್ಲ.

ಯಾಕಂದರೆ ಒರೆಸೋದು ಅಂದರೆ ಬರೀ ಮಸಿ ತೆಗೆಯೋದಲ್ಲ. ನಿಮ್ಮ ಮನೆಯಲ್ಲಿರೋ ಅತ್ಯಂತ ಅಪಾಯದ ವಸ್ತುವಿನ ಎದುರು ನೀವು ನಿಯಮಿತವಾಗಿ, ಅವಸರ ಇಲ್ಲದೆ, ಫೋನ್ ಪಕ್ಕಕ್ಕಿಟ್ಟು ಕೂರೋ ಹೊತ್ತು ಅದು. ತಿಂಗಳು ತಿಂಗಳೂ ಚೇಂಬರಿಗೆ ಬೆರಳು ಹಾಕಿ ನೋಡೋ ಕೈಗೆ ಅದು ಅಭ್ಯಾಸ ಆಗತ್ತೆ, ಸುಸ್ತಾದ ದಿನವೂ ತಾನಾಗೇ ನೋಡತ್ತೆ. ವರ್ಷಕ್ಕೊಮ್ಮೆ ಮುಟ್ಟೋ ಕೈಗೆ ಇರೋದು ಧೈರ್ಯ ಮಾತ್ರ.

ಇನ್ನು ಮುಂದೆ ಆ ಸುದ್ದಿ ಬಂದಾಗ ಯಾರೂ ‘ಗುಂಡು ಹಾರಿತು’ ಅನ್ನೋದು ಬೇಡ. ‘ಚೇಂಬರ್ ನೋಡದೆ ಗುಂಡು ಹಾರಿಸಿದ’ ಅಂತ ಬರೀರಿ, ವಾಟ್ಸಾಪಿನಲ್ಲೂ ಹಾಗೇ ಹೇಳಿ. ಕೇಳೋಕೆ ಕಟುವಾಗಿರತ್ತೆ. ಆ ಕಟು ಮಾತು ಕಿವಿಗೆ ಬಿದ್ದ ಇನ್ನೊಬ್ಬ ಇವತ್ತು ಸಂಜೆ ಬಟ್ಟೆ, ಎಣ್ಣೆ ತೆಗೆದುಕೊಂಡು ಕೂತಾಗ, ಮೊದಲು ಮ್ಯಾಗಜೀನ್ ತೆಗೀತಾನೆ.