ಹಾಟ್‌ಸ್ಪಾಟ್ ಆನ್ ಮಾಡಿದರೆ ಮೊಬೈಲ್ ಡೇಟಾ ಬೇಗ ಖಾಲಿಯಾಗುತ್ತದೆಯೇ?

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ತೊರವಿ ದಾಟಿ ತಿಕೋಟಾ ಸಿಗುತ್ತದೆ. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಈ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಸ್ಕಾಲರ್‌ಶಿಪ್ ಅರ್ಜಿಗೆ ಅಂದೇ ಕೊನೆಯ ದಿನ. ದಾಖಲೆಗಳೆಲ್ಲ ಲ್ಯಾಪ್‌ಟಾಪ್‌ನಲ್ಲಿವೆ, ವೈಫೈ ಇಲ್ಲ. ಫೋನಿನ ಹಾಟ್‌ಸ್ಪಾಟ್ ಒಂದೇ ದಾರಿ. ಅಷ್ಟರಲ್ಲಿ ಪಕ್ಕದ ಗೆಳತಿ ಎಚ್ಚರಿಸುತ್ತಾಳೆ: "ಹಾಟ್‌ಸ್ಪಾಟ್ ಹಚ್ಚಬ್ಯಾಡ, ಡೇಟಾ ಪೂರಾ ಖಾಲಿ ಆಗ್ತದ."

ಈ ಮಾತು ಅರ್ಧ ಸತ್ಯ.

ಡೇಟಾ ತಿನ್ನುವುದು ಯಾರು?

ಹಾಟ್‌ಸ್ಪಾಟ್ ಆನ್ ಮಾಡಿದಾಗ ಫೋನು ಪುಟ್ಟ ರೂಟರ್ ಆಗುತ್ತದೆ. ಟವರ್‌ನಿಂದ ಬಂದ ಇಂಟರ್ನೆಟ್ಟನ್ನು ವೈಫೈ ಮೂಲಕ ಲ್ಯಾಪ್‌ಟಾಪ್‌ಗೆ ದಾಟಿಸುತ್ತದೆ, ಅಷ್ಟೇ. 5 ಎಂಬಿಯ ಕಡತವನ್ನು ಫೋನಿನಲ್ಲಿ ಇಳಿಸಿಕೊಂಡರೂ ಲ್ಯಾಪ್‌ಟಾಪ್‌ನಲ್ಲಿ ಇಳಿಸಿಕೊಂಡರೂ ಖರ್ಚು ಹೆಚ್ಚುಕಡಿಮೆ ಒಂದೇ.

ವ್ಯತ್ಯಾಸ ಇರುವುದು ಲ್ಯಾಪ್‌ಟಾಪ್‌ನ ನಡವಳಿಕೆಯಲ್ಲಿ. ವೈಫೈ ಸಿಕ್ಕಿತೆಂದರೆ ಅದು ಮನೆಯ ಅಥವಾ ಕಚೇರಿಯ ಬ್ರಾಡ್‌ಬ್ಯಾಂಡ್ ಎಂದೇ ಭಾವಿಸುತ್ತದೆ. ವಿಂಡೋಸ್ ಅಪ್‌ಡೇಟ್ ಇಳಿಯತೊಡಗುತ್ತದೆ, ಫೋಟೋಗಳು ಕ್ಲೌಡ್‌ಗೆ ಏರತೊಡಗುತ್ತವೆ, ವಿಡಿಯೋಗಳು ದೊಡ್ಡ ಪರದೆಗೆ ತಕ್ಕ ಗುಣಮಟ್ಟದಲ್ಲಿ ಓಡುತ್ತವೆ. ಇದಾವುದೂ ನಿಮ್ಮನ್ನು ಕೇಳಿ ನಡೆಯುವುದಿಲ್ಲ.

ಲೆಕ್ಕ ಸರಳ. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಎಡೆಬಿಡದೆ ಬಳಸಿದರೆ ಗಂಟೆಗೆ 450 ಎಂಬಿ ಬೇಕು. ದಿನಕ್ಕೆ 1.5 ಜಿಬಿ ಕೊಡುವ ಪ್ಯಾಕ್ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಎಷ್ಟೋ ಪ್ಯಾಕ್‌ಗಳಲ್ಲಿ ವೇಗ 64 ಕಿಲೋಬಿಟ್‌ಗೆ ಇಳಿಯುತ್ತದೆ. ಆಗ 1 ಎಂಬಿಯ ಅಂಕಪಟ್ಟಿ ಅಪ್‌ಲೋಡ್ ಆಗಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಅರ್ಜಿಯ ಪುಟವೇ ಲಾಗ್‌ಔಟ್ ಆಗಬಹುದು.

ಫುಲ್ ಸಿಗ್ನಲ್ ಇದ್ದರೂ ಏಕೆ ನಿಧಾನ?

ಲ್ಯಾಪ್‌ಟಾಪ್‌ನಲ್ಲಿ ಕಾಣುವ ವೈಫೈ ಗೆರೆಗಳು ಲ್ಯಾಪ್‌ಟಾಪ್ ಮತ್ತು ಫೋನಿನ ನಡುವಿನ ಸಂಪರ್ಕವನ್ನಷ್ಟೇ ತೋರಿಸುತ್ತವೆ. ನೋಡಬೇಕಾದದ್ದು ಫೋನಿನ ಸಿಗ್ನಲ್. ಬಸ್ಸು ಓಡುವಾಗ ಫೋನು ಒಂದು ಟವರ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತದೆ, ಊರುಗಳ ನಡುವೆ ಟವರ್ ದೂರವಾಗುತ್ತದೆ, ಬಸ್ಸಿನ ಲೋಹದ ಮೈ ಕೂಡ ಅಲೆಗಳನ್ನು ತಡೆಯುತ್ತದೆ. ಫೋನನ್ನು ಬ್ಯಾಗಿನಲ್ಲಿಡದೆ ಕಿಟಕಿಯ ಬಳಿ ಹಿಡಿಯಿರಿ. ಮುಖ್ಯವಾದ 'ಸಬ್ಮಿಟ್' ಒತ್ತುವುದನ್ನು ಬಸ್ಸು ನಿಲ್ದಾಣಕ್ಕೆ ಬಂದ ಮೇಲೆ ಇಟ್ಟುಕೊಳ್ಳಿ.

ಹಾಟ್‌ಸ್ಪಾಟ್‌ಗೆ ಬೇರೆ ಶುಲ್ಕವೇ?

ಈ ಭಯಕ್ಕೂ ಹಿನ್ನೆಲೆಯಿದೆ. ಅಮೆರಿಕದ ಕೆಲವು ಕಂಪನಿಗಳು ಇದಕ್ಕೆ ಪ್ರತ್ಯೇಕ ಹಣ ಪಡೆಯುತ್ತಿದ್ದವು. ಗ್ರಾಹಕರು ಇಂಟರ್ನೆಟ್ ಹಂಚಿಕೊಳ್ಳುವ ಆ್ಯಪ್‌ಗಳಿಗೆ ತಡೆಯೊಡ್ಡಿದ ಪ್ರಕರಣದಲ್ಲಿ ವೆರಿಝೋನ್ ಕಂಪನಿ 2012ರಲ್ಲಿ ಅಲ್ಲಿನ ಸಂಪರ್ಕ ಆಯೋಗಕ್ಕೆ 12.5 ಲಕ್ಷ ಡಾಲರ್ ಕಟ್ಟಿ ರಾಜಿಯಾಯಿತು. ನಮ್ಮಲ್ಲಿ ಸಾಮಾನ್ಯವಾಗಿ ಪ್ಯಾಕ್‌ನ ಡೇಟಾದಿಂದಲೇ ಹಾಟ್‌ಸ್ಪಾಟ್ ನಡೆಯುತ್ತದೆ. ಆದರೂ 'ಅನ್‌ಲಿಮಿಟೆಡ್' ಎಂದಿರುವ ಪ್ಯಾಕ್‌ಗಳ ಷರತ್ತನ್ನು ಒಮ್ಮೆ ಓದಿಕೊಳ್ಳಿ.

ಹಾಗಾದರೆ ಏನು ಮಾಡಬೇಕು?

• ವಿಂಡೋಸ್‌ನಲ್ಲಿ ಆ ವೈಫೈನ ಪ್ರಾಪರ್ಟೀಸ್ ತೆರೆದು 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಮ್ಯಾಕ್‌ನಲ್ಲಿ 'ಲೋ ಡೇಟಾ ಮೋಡ್' ಇದೆ. ಹಿನ್ನೆಲೆಯ ಡೌನ್‌ಲೋಡ್‌ಗಳು ಬಹುಮಟ್ಟಿಗೆ ನಿಲ್ಲುತ್ತವೆ.

• ಯುಎಸ್‌ಬಿ ಕೇಬಲ್ ಇದ್ದರೆ ಅದರಿಂದಲೇ ಜೋಡಿಸಿ. ಫೋನಿನ ವೈಫೈಗೆ ಕೆಲಸವಿರುವುದಿಲ್ಲ, ಫೋನು ಚಾರ್ಜ್ ಕೂಡ ಆಗುತ್ತದೆ. ಆದರೆ ಆ ವಿದ್ಯುತ್ತು ಲ್ಯಾಪ್‌ಟಾಪ್‌ನ ಬ್ಯಾಟರಿಯಿಂದ ಬರುತ್ತದೆ ಎಂಬುದು ನೆನಪಿರಲಿ.

• ಫೋನು ಬಿಸಿಯಾದರೆ ಸ್ವಲ್ಪ ಹೊತ್ತು ನಿಲ್ಲಿಸಿ. ಲಿಥಿಯಂ ಬ್ಯಾಟರಿಯ ಆಯುಷ್ಯಕ್ಕೆ ಶಾಖವೇ ಶತ್ರು.

• ಪಾಸ್‌ವರ್ಡ್ ಇಲ್ಲದೆ ಹಾಟ್‌ಸ್ಪಾಟ್ ತೆರೆಯಬೇಡಿ. ಅಪರಿಚಿತರು ಅದರಲ್ಲಿ ಏನೇ ಮಾಡಿದರೂ ದಾಖಲೆಯಲ್ಲಿ ಕಾಣುವುದು ನಿಮ್ಮ ಸಿಮ್. ಕೆಲಸ ಮುಗಿದ ಕೂಡಲೇ ಆಫ್ ಮಾಡಿ.

ತೀರ್ಮಾನ: ಹಾಟ್‌ಸ್ಪಾಟ್ ತಾನಾಗಿ ಡೇಟಾ ನುಂಗುವುದಿಲ್ಲ, ಲ್ಯಾಪ್‌ಟಾಪ್ ನುಂಗುತ್ತದೆ. ಅದಕ್ಕೆ ಕಡಿವಾಣ ಹಾಕಿದರೆ ಒಂದು ಅರ್ಜಿ ಸಲ್ಲಿಸಲು ದಿನದ ಪ್ಯಾಕ್‌ನ ಚಿಕ್ಕ ಪಾಲು ಸಾಕು. ಗೆಳತಿಯ ಮಾತಿಗೆ ಹೆದರಿ ಕೊನೆಯ ದಿನವನ್ನು ಕಳೆದುಕೊಳ್ಳಬೇಕಿಲ್ಲ.